ಪಡಸಾಲೆಯ ಸೈಕಲ್ಲು, ಮೊಳೆಯ ಮೇಲಿನ ಕೀಲಿ

ಬೆಳಿಗ್ಗೆ ಎದ್ದ ಕೂಡಲೇ ಯಾರ ಮೇಲಾದರೂ ಸಿಟ್ಟು ಬರದಿದ್ದರೆ ನನ್ನ ಎಡಗಾಲು ಕೆಲಸ ಮಾಡುವುದಿಲ್ಲ. ತಮಾಷೆಗೆ ಹೇಳುತ್ತಿಲ್ಲ. ಕೆಲವರಿಗೆ ಕಾಫಿ ಬೇಕು, ಕೆಲವರಿಗೆ ದೇವರ ನಾಮ ಬೇಕು, ನನಗೆ ಸಿಟ್ಟು ಬೇಕು. ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತ ಸೈಕಲ್ಲಿನ ಮೇಲೆ ಹತ್ತಿ ಕೂತು, ಇವತ್ತು ಯಾರ ಸರದಿ ಎಂದು ಮೊದಲು ಗೊತ್ತುಮಾಡಿಕೊಳ್ಳುತ್ತೇನೆ. ನಮ್ಮೂರು ಕಟ್ಟೆಮಳಲವಾಡಿಯ ರಸ್ತೆಗೆ ರಾತ್ರೋರಾತ್ರಿ ಹಂಪ್ ಹಾಕಿ, ಅದಕ್ಕೆ ಒಂದು ಗೆರೆ ಬಿಳಿ ಬಣ್ಣವನ್ನೂ ಬಳಿಯದೆ ಹೋದ ಪುಣ್ಯಾತ್ಮನ ಸರದಿ ಬಂದರೆ ಅವತ್ತು ಸೈಕಲ್ಲಿಗೆ ಒಳ್ಳೆಯ ಓಟ. 'ಈ ವಯಸ್ಸಲ್ಲಿ ಗಾಡಿ ಯಾಕ್ ಬೇಕಿತ್ತು' ಎಂದವರ ಸರದಿಯಾದರೆ ಇನ್ನೂ ಒಳ್ಳೆಯದು. ಅಂಥವರು ಊರಿನಲ್ಲಿ ಬೇಕಾದಷ್ಟು ಜನ ಇರುವುದರಿಂದ ನನಗೆ ದಾಸ್ತಾನಿನ ಕೊರತೆ ಆದದ್ದೇ ಇಲ್ಲ.

ಮನೆಯೊಳಗೆ ನಿಂತ ಸೈಕಲ್ಲು ಎಂದರೆ ನೀವು ಹುಣಸೂರಿನ ಜಿಮ್ಮಿನಲ್ಲಿರುವ ಹೊಳೆಯುವ ಯಂತ್ರವನ್ನು ನೆನೆಸಿಕೊಳ್ಳಬೇಡಿ. ಇದು ನನ್ನ ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರದಿಂದ ಬಂದ ಸೈಕಲ್ಲು. ಅವಳು ಮೈಸೂರಿಗೆ ನರ್ಸಿಂಗ್ ಓದಲು ಹೋದ ಮೇಲೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮೂಲೆಯಲ್ಲಿ, ಸೊಪ್ಪು ಕಟ್ಟುವ ಕಡ್ಡಿಗಳ ಕೆಳಗೆ ತುಕ್ಕು ಹಿಡಿದು ಬಿದ್ದಿತ್ತು. ನಾನು ಆ ಹಂಪಿನ ಮೇಲೆ ಸ್ಕೂಟರಿನಿಂದ ಬಿದ್ದು ಎಡ ಮಂಡಿಯ ಚಿಪ್ಪು ಒಡೆದುಕೊಂಡು, ಆಪರೇಷನ್ ಆಗಿ, ಕಾಲು ಬಡಿಗೆಯ ಹಾಗೆ ಸೆಟೆದು ಕೂತಾಗ ಮಗಳು ಮೈಸೂರಿನಿಂದ ಒಂದು ಕಬ್ಬಿಣದ ಸ್ಟ್ಯಾಂಡು ತಂದಳು. ಹಿಂದಿನ ಚಕ್ರವನ್ನು ಅದರಲ್ಲಿ ಎತ್ತಿ ನಿಲ್ಲಿಸಬೇಕು. ಚಕ್ರಕ್ಕೆ ಒತ್ತಿಕೊಂಡಂತೆ ಒಂದು ಉರುಳೆ ಇರುತ್ತದೆ, ತಿರುಪು ಬಿಗಿ ಮಾಡಿದಷ್ಟೂ ತುಳಿಯುವುದು ಕಷ್ಟ. ಈ ಮಗಳ ಹೆಸರು ಸಹನಾ. ನನಗಿಲ್ಲದ್ದು ಅವಳಿಗಾದರೂ ಇರಲಿ ಎಂದು ನಾನೇ ಇಟ್ಟ ಹೆಸರು.

"ದಿನಾ ತುಳೀಲೇಬೇಕು ಕಣವ್ವ. ಬುಟ್ರೆ ಮಂಡಿ ಅಂಗೇ ಗಟ್ಟಿಯಾಗೋಯ್ತದೆ" ಅಂದಳು ಸಹನಾ.

ತುಳಿದೆ. ಎಲ್ಲೂ ಹೋಗದ ಸೈಕಲ್ಲು ತುಳಿಯುವಷ್ಟು ಬೇಜಾರಿನ ಕೆಲಸ ಭೂಮಿಯ ಮೇಲೆ ಇನ್ನೊಂದಿಲ್ಲ. ಎಷ್ಟು ತುಳಿದರೂ ಎದುರಿಗೆ ಅದೇ ಗೋಡೆ, ಅದೇ ಕ್ಯಾಲೆಂಡರು, ಅದರ ಪಕ್ಕದಲ್ಲಿ ಅದೇ ಮೊಳೆ. ಹೊಲದಲ್ಲಿ ಒಂದು ಸಾಲು ಕಳೆ ತೆಗೆದರೆ ಹಿಂತಿರುಗಿ ನೋಡುವುದಕ್ಕಾದರೂ ಒಂದು ಸಾಲು ಇರುತ್ತದೆ. ಇಲ್ಲಿ ಬೆವರು ಸುರಿಸಿ ಇಳಿದರೆ ಹತ್ತಿದಲ್ಲೇ ಇಳಿದಿರುತ್ತೇನೆ. ಮಗಳು ಫೋನಿನಲ್ಲಿ ಉಪಾಯ ಹೇಳಿಕೊಟ್ಟಳು. ಮೊಬೈಲಿನಲ್ಲಿ ರಸ್ತೆಯ ವಿಡಿಯೋ ಹಾಕಿಕೊಂಡು, ಆ ರಸ್ತೆಯಲ್ಲಿ ನಾನೇ ಹೋಗುತ್ತಿದ್ದೇನೆ ಎಂದುಕೊಂಡು ತುಳಿಯಬೇಕಂತೆ. ಯಾವುದೋ ದೇಶದ ಹಿಮದ ಬೆಟ್ಟ, ತೊಳೆದಿಟ್ಟಂಥ ರಸ್ತೆ. ಅಡ್ಡ ಬರಲು ಒಂದು ದನವಿಲ್ಲ, ರಸ್ತೆ ಮೇಲೆ ಹರಡಿದ ಹುರುಳಿ ಸೊಪ್ಪಿಲ್ಲ, 'ಎಲ್ಲಿಗ್ ಒಂಟ್ರಿ' ಎಂದು ಕೇಳುವ ಒಬ್ಬ ಮನುಷ್ಯನಿಲ್ಲ. ಮಾತಾಡಿಸುವವರೇ ಇಲ್ಲದ ರಸ್ತೆಯಲ್ಲಿ ಎಷ್ಟು ಹೊತ್ತು ಹೋಗುವುದು? ನನಗೆ ಹಸಿವಾಗಿ ಇಳಿದುಬಿಟ್ಟೆ. ಹಾಡು ಹಾಕಿಕೊಂಡೆ, ಹಾಡು ನಿಧಾನವಾದರೆ ಕಾಲೂ ನಿಧಾನವಾಯಿತು. ಕೊನೆಗೆ ಟೀವಿ ಧಾರಾವಾಹಿ ಹಾಕಿಕೊಂಡೆ. ಸೊಸೆ ಅಳುವಾಗ ಪೆಡಲು ನಿಂತೇ ಹೋಗುತ್ತಿತ್ತು. ಆದರೆ ಅವಳ ಮಾವ ಬಂದು, 'ಈ ಮನೆಯ ಹೆಂಗಸರು ಹೊಸಿಲು ದಾಟುವಂತಿಲ್ಲ' ಎಂದನಲ್ಲ, ಅವತ್ತು ಚಕ್ರ ಎಂಥ ಜೋರು ತಿರುಗಿತೆಂದರೆ ಒಳಗಿನಿಂದ ಅತ್ತೆ, "ಮಿಕ್ಸಿ ಆಫ್ ಮಾಡಿ ಕಣ್ರವ್ವಾ" ಎಂದು ಕೂಗಿದರು. ಸಿಟ್ಟಿನ ಮಹಿಮೆ ನನಗೆ ಗೊತ್ತಾದದ್ದು ಹಾಗೆ.

ಈಗ ಆ ಮೊಳೆಯ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ನೇತಾಡುತ್ತಿದ್ದದ್ದು ನನ್ನ ಸ್ಕೂಟರಿನ ಕೀಲಿ. ಸ್ಕೂಟರು ನನ್ನದು, ಹಸು ಕರೆದು ಹಾಲು ಹಾಕಿದ ದುಡ್ಡಿನಲ್ಲಿ ತೆಗೆದುಕೊಂಡದ್ದು. ಓಡಿಸುವುದನ್ನು ಸಹನಾಳೇ ಕೆರೆ ಏರಿಯ ಮೇಲೆ ಕಲಿಸಿದ್ದಳು. ಆಗ ನನಗೆ ನಲವತ್ತು ದಾಟಿತ್ತು. ಅಲ್ಲಿಯವರೆಗೆ ನಾನು ಹುಣಸೂರಿಗೆ ಹೋಗಬೇಕಾದರೂ ಯಾರದೋ ಬೆನ್ನ ಹಿಂದೆ, ಅವರ ಹೊತ್ತಿಗೆ, ಅವರ ಮುಖ ನೋಡಿಕೊಂಡು ಹೋಗಬೇಕಿತ್ತು. ಸ್ಕೂಟರು ಬಂದ ಮೇಲೆ ಡೈರಿಗೆ ಹಾಲು, ಸಂತೆಗೆ ಸೊಪ್ಪು, ಸಂಘದ ಮೀಟಿಂಗು, ಹಂಪಾಪುರದಲ್ಲಿರುವ ತಂಗಿಯ ಮನೆ, ಎಲ್ಲಕ್ಕೂ ನಾನೇ. ತಂಗಿ ಊಟಕ್ಕೆ ಕರೆದರೆ ಊಟದ ಹೊತ್ತಿಗೆ ಹೋಗಿ ಕೂರುವುದಿದೆಯಲ್ಲ, ಆ ಸುಖ ಹುಟ್ಟಿದಾಗಿನಿಂದ ಗಾಡಿ ಹತ್ತಿದವರಿಗೆ ಗೊತ್ತಾಗುವುದಿಲ್ಲ.

ನಾನು ಬಿದ್ದ ಮೇಲೆ ನಮ್ಮ ಯಜಮಾನರು ಕೀಲಿಯನ್ನು ಆ ಮೊಳೆಗೆ ಹಾಕಿ, "ಕಾಲು ನೆಟ್ಟಗಾಗ್ಲಿ, ಆಮೇಲೆ ನೋಡಣ" ಎಂದಿದ್ದರು. ಈ 'ನೋಡಣ' ಎಂಬ ಮಾತನ್ನು ನಾನು ಮದುವೆಯಾದಾಗಿನಿಂದ ಬಲ್ಲೆ. ತೊಟ್ಟಿಮನೆಗೆ ಬಚ್ಚಲು ಕಟ್ಟಿಸುವುದು 'ನೋಡಣ' ಆಗಿ ಎಷ್ಟೋ ಯುಗಾದಿ ಕಳೆದವು. ಸಹನಾಳನ್ನು ಓದಿಸುವುದೂ ಮೊದಲು 'ನೋಡಣ'ವೇ ಆಗಿತ್ತು, ನಾನು ಜಗಳವಾಡಿ 'ಆಯ್ತು ಬುಡು' ಮಾಡಿಸಿದೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ನಗುನಗುತ್ತಾ ನೋಡಣ ಎನ್ನುವವರ ಹತ್ತಿರ ಏನು ಮಾಡುತ್ತೀರಿ?

ಆಸ್ಪತ್ರೆಯಲ್ಲಿ ಕಾಲಿನ ವ್ಯಾಯಾಮ ಹೇಳಿಕೊಡುವ ಹುಡುಗಿ, "ಅಮ್ಮ, ಈ ಮಂಡಿಯಿಂದ ನಿಮಗೆ ಏನೇನು ಕೆಲಸ ಆಗ್ಬೇಕು ಹೇಳಿ" ಎಂದು ಕೇಳಿದಳು. ಪ್ರಶ್ನೆ ನನಗೆ, ಮಂಡಿ ನನ್ನದು, ಉತ್ತರ ಕೊಟ್ಟವರು ನಮ್ಮ ಯಜಮಾನರು.

"ಕುಕ್ಕುರುಗಾಲಲ್ಲಿ ಕೂತ್ಕಂಡು ಹಾಲ್ ಕರೆಯಂಗಾದ್ರೆ ಸಾಕು ಕಣವ್ವ."

"ಸ್ಕೂಟರ್ ಓಡಿಸ್ಬೇಕು" ಎಂದೆ ನಾನು.

ಹುಡುಗಿ ಇಬ್ಬರ ಮುಖವನ್ನೂ ನೋಡಿ, ಬರೆದುಕೊಂಡದ್ದು ಮಾತ್ರ ನನ್ನ ಉತ್ತರವನ್ನು. ಗಾಡಿ ನಿಂತಾಗ ಎಡಗಾಲು ಊರಿದರೆ ಭಾರ ತಡೆಯಬೇಕು, ಅಲ್ಲಿಯವರೆಗೆ ಸೈಕಲ್ಲು ತುಳಿಯಿರಿ ಎಂದಳು. ಆ ದಿನದಿಂದ ನನಗೆ ಸೈಕಲ್ಲು ತುಳಿಯುವುದೆಂದರೆ ಆ ಮೊಳೆಯ ಕಡೆಗೆ ಹೋಗುವುದು ಎಂದಾಯಿತು.

ಇಷ್ಟಾದರೂ ಸರಿಯಾಗಿ ತುಳಿಯಲು ಬಿಡಬೇಕಲ್ಲ! ನಮ್ಮ ಕಡೆ ಯಾರಾದರೂ ಮಲಗಿದರೆ ಊರಿಗೆ ಊರೇ ಬ್ರೆಡ್ಡು, ಮೂಸಂಬಿ ಹಿಡಿದು ಮಾತಾಡಿಸಲು ಬರುತ್ತದೆ. ಬರುವುದು ಒಳ್ಳೆಯದೇ. ಆದರೆ ಬಂದವರಿಗೆ ಕಾಯಿಲೆಯವರು ಮಲಗಿರಬೇಕು. ಕೊನೇಪಕ್ಷ ದಿಂಬಿಗೆ ಒರಗಿ ನರಳುತ್ತಿರಬೇಕು. ಸೀರೆಯನ್ನು ಮೇಲೆ ಸಿಕ್ಕಿಸಿಕೊಂಡು, ಮಗಳ ಹಳೇ ಪೈಜಾಮ ಹಾಕಿಕೊಂಡು ಸೈಕಲ್ಲು ತುಳಿಯುತ್ತಿರುವವಳಿಗೆ ಬ್ರೆಡ್ಡು ಕೊಡುವುದು ಹೇಗೆ? ಒಬ್ಬರು ಬಾಗಿಲಲ್ಲೇ ನಿಂತು ನೋಡಿ, ತಂದ ಮೂಸಂಬಿಯ ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಅತ್ತೆ ಒಂದು ಏರ್ಪಾಡು ಮಾಡಿದರು. ಗೇಟಿನ ಸದ್ದಾದರೆ ಅವರು ಕೆಮ್ಮುವುದು, ನಾನು ಇಳಿದು ಕುಂಟಿಕೊಂಡು ಹೋಗಿ ಮಂಚದ ಮೇಲೆ ಮಲಗಿ ಬೆವರು ಒರೆಸಿಕೊಳ್ಳುವುದು. ನನ್ನ ಬೆವರು ನೋಡಿ, ಪಾಪ ಜ್ವರವೂ ಬಂದಿದೆ ಎಂದುಕೊಂಡವರೂ ಇದ್ದಾರೆ.

ಹಾಗೆ ಬಂದವರಲ್ಲಿ ಪಕ್ಕದ ಬೀದಿಯ ದೊಡ್ಡತಾಯಮ್ಮನೂ ಒಬ್ಬರು. ಮಂಚದ ತುದಿಯಲ್ಲಿ ಕೂತು, ಮಂಡಿ ಒಡೆದುಕೊಂಡು ಮತ್ತೆ ಏಳದೇ ಹೋದವರ ಹೆಸರುಗಳನ್ನು ಊರೂರು ಸಮೇತ ಹೇಳಿದರು. ಕಾಫಿ ಕುಡಿದು ಲೋಟ ಕೆಳಗಿಡುತ್ತಾ, "ಓಗ್ಲಿ ಬುಡವ್ವ, ಗಾಡೀನೂ ನಿನ್ ನಾದ್ನಿ ಅಳಿಯಂಗೆ ಕೊಡಾದು ಅಂತ ಆಯ್ತಲ್ಲ, ಒಂದ್ ಚಿಂತೆ ಕಳೀತು" ಅಂದರು.

"ಯಾವ್ ಗಾಡಿ?"

"ನಿಂದೇ ಕಣವ್ವ. ಪಿರಿಯಾಪಟ್ಟಣದಿಂದ ಬಂದು ತಕಂಡೋಯ್ತನಂತೆ, ರಾಗಿ ಕೆಲ್ಸ ಮುಗಿದೇಟ್ಗೆ. ನಿಂಗೊತ್ತಿಲ್ವಾ?"

ಊರಿಗೆಲ್ಲ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಎರಡು ಗೋಡೆಯ ಆಚೆ ಕೂತು ಎಲ್ಲರೂ ಮಾತಾಡಿ ತೀರ್ಮಾನ ಮಾಡಿದ್ದಾರೆ, ನಾನು ಇಲ್ಲಿ ಬೆಳಿಗ್ಗೆ ಸಂಜೆ ಕೀಲಿಯನ್ನು ನೋಡಿಕೊಂಡು ಗಾಣದೆತ್ತಿನ ಹಾಗೆ ತುಳಿದಿದ್ದೇನೆ. ದೊಡ್ಡತಾಯಮ್ಮ ಇನ್ನೂ ಕೂತಿರುವಾಗಲೇ ಎದ್ದು ಹೋಗಿ ಸೈಕಲ್ಲು ಹತ್ತಿದೆ. ಅವರು ಬ್ರೆಡ್ಡನ್ನು ಅಲ್ಲೇ ಬಿಟ್ಟು ಹೋದರು.

ಸಂಜೆ ಯಜಮಾನರು ಹೊಲದಿಂದ ಬಂದು ಕೈಕಾಲು ತೊಳೆಯುವುದಕ್ಕೂ ಬಿಡದೆ ಕೇಳಿದೆ. "ಯಾರನ್ ಕೇಳಿ ಕೊಟ್ರಿ?"

"ಕೊಟ್ಟಿಲ್ಲ ಕಣೆ. ಮಾತಾಡಿದ್ದು ಅಷ್ಟೆ. ಎಲ್ರೂವೆ ಯೋಳ್ತಾವ್ರೆ, ಇನ್ಯಾಕೆ ಅವ್ಳಿಗೆ ಅಂತ. ನೀನ್ ಎಲ್ಲಿಗ್ ಓಗ್ಬೇಕೋ ಯೋಳು, ನಾನ್ ಕರ್ಕಂಡೋಗ್ತೀನಿ."

"ನೀವ್ ಬಿದ್ದಾಗ ನಿಮ್ ಬೈಕು ಯಾರಿಗ್ ಕೊಟ್ರಿ?"

ಅವರು ಚೊಂಬು ಹಿಡಿದು ಕಾಲು ತೊಳೆಯಲು ಹೋದರು. ಯಾಕೆಂದರೆ ಅವರು ಬಿದ್ದದ್ದು ಒಂದು ಸಲವಲ್ಲ. ಚುಂಚನಕಟ್ಟೆಯ ನಮ್ಮ ತವರಿಗೆ ಹೋಗುವಾಗ ಕಾಲುವೆಯ ದಿಬ್ಬದಿಂದ ಉರುಳಿದರು, ಆಮೇಲೆ ಹಬ್ಬದ ಹಿಂದಿನ ದಿನ ಬೂದುಗುಂಬಳದ ಮೂಟೆ ಸಮೇತ ಹುಣಸೂರು ರಸ್ತೆಯಲ್ಲಿ ಬಿದ್ದರು. ಅವರು ಬಿದ್ದಾಗಲೆಲ್ಲ ರಸ್ತೆ ಸರಿಯಿರಲಿಲ್ಲ. ನಾನು ಒಂದು ಸಲ ಬಿದ್ದೆ, ನನಗೆ ಓಡಿಸಲು ಬರುವುದಿಲ್ಲ ಎಂದಾಯಿತು! ಈ ನ್ಯಾಯವನ್ನು ಯಾವ ಪಂಚಾಯ್ತಿ ಕಟ್ಟೆಯಲ್ಲಿ ಕೂತು ಬರೆದರೋ ಆ ಕಟ್ಟೆಗೆ ಬೆಂಕಿ ಬೀಳ.

ಆ ವಾರ ನಾನು ಯಾರೊಂದಿಗೂ ಮಾತಾಡಲಿಲ್ಲ, ಸೈಕಲ್ಲು ಮಾತ್ರ ತುಳಿದೆ. ತಿರುಪನ್ನು ದಿನಕ್ಕಿಷ್ಟು ಬಿಗಿ ಮಾಡಿಕೊಂಡೆ. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಳುತ್ತಿದ್ದಾಳೆಂದು ತಿಳಿದು ಯಜಮಾನರು ಎರಡು ಸಲ ಸಂತೆಯಿಂದ ಖಾರ ಬೂಂದಿ ತಂದಿಟ್ಟರು. ಬೂಂದಿ ತಿಂದೆ, ಮಾತಾಡಲಿಲ್ಲ.

ತುಳಿಯುತ್ತಾ ತುಳಿಯುತ್ತಾ ನನಗೆ ನೆನಪಾದದ್ದು ಸಾಣೆ ಸಾಬರ ಸೈಕಲ್ಲು. ನಾನು ಚಿಕ್ಕವಳಿದ್ದಾಗ ಚುಂಚನಕಟ್ಟೆಯ ನಮ್ಮ ತವರಿಗೆ ಭತ್ತ ಕೊಯ್ಲಿಗೆ ಮುಂಚೆ ಕೆ.ಆರ್. ನಗರದಿಂದ ಒಬ್ಬರು ಸಾಬರು ಬರುತ್ತಿದ್ದರು. ಅರಳೀಕಟ್ಟೆಯ ಹತ್ತಿರ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಚಕ್ರದಿಂದ ಸಾಣೆಕಲ್ಲಿಗೆ ಒಂದು ಪಟ್ಟಿ ಸಿಕ್ಕಿಸಿ, ಸೀಟಿನ ಮೇಲೆ ಕೂತು ತುಳಿಯುತ್ತಿದ್ದರು. ಮಚ್ಚು, ಈಳಿಗೆಮಣೆ, ಕತ್ತರಿ ಯಾವುದು ಹಿಡಿದರೂ ಕಿಡಿ ಹಾರುತ್ತಿತ್ತು. ನಾವೆಲ್ಲ ಸುತ್ತ ನಿಂತು ಕಿಡಿಗೆ ಅಂಗೈ ಒಡ್ಡುತ್ತಿದ್ದೆವು. ಅವು ಸುಡುವುದಿಲ್ಲ, ಚುರ್ ಎಂದು ಕಚ್ಚಿ ಆರಿಹೋಗುತ್ತವೆ.

ಆ ಹೊತ್ತಿಗೆ ನನಗೆ ಸೈಕಲ್ಲಿನ ಹುಚ್ಚು ಹಿಡಿದಿತ್ತು. ಅಣ್ಣನಿಗೆ ಅಪ್ಪನೇ ಹಿಂದೆ ಓಡುತ್ತಾ ಕಲಿಸಿದ್ದರು. ನಾನು ಅಪ್ಪ ಮಧ್ಯಾಹ್ನ ಮಲಗಿದಾಗ ಅದೇ ದೊಡ್ಡ ಸೈಕಲ್ಲನ್ನು ಕದ್ದು ಒಯ್ದು, ಬಾರಿನ ಕೆಳಗೆ ಕಾಲು ತೂರಿಸಿ, ಸೊಂಟವನ್ನು ಒಂದು ಸಲ ಆಚೆ ಒಂದು ಸಲ ಈಚೆ ಮಾಡಿಕೊಂಡು ಕಲಿತೆ. ಮೊಣಕೈ ತರಚಿದ್ದಕ್ಕೆ ಹುಣಿಸೆಮರ ಹತ್ತಿದ್ದೆ ಎಂದು ಸುಳ್ಳು ಹೇಳಿದೆ. ಕೊನೆಗೆ ನಾಲೆ ರಸ್ತೆಯಲ್ಲಿ ಅಜ್ಜಿಯ ಕಣ್ಣಿಗೆ ಬಿದ್ದೆ. ಅಜ್ಜಿ ಸೈಕಲ್ಲಿನ ಮೇಲಿದ್ದ ನನ್ನ ಜಡೆ ಹಿಡಿದು ಇಳಿಸಿಕೊಂಡಿತು. "ಎಣ್ಮಗ ಗಾಡಿ ಕಲ್ತ್ರೆ ಮನೇಲ್ ನಿಂತದಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಬೈದಿತು. ಅಲ್ಲಿಗೆ ನನ್ನ ಸೈಕಲ್ಲು ಮುಗಿಯಿತು.

ಆ ವರ್ಷ ಸಾಬರು ಬಂದಾಗ ನಾನು ಅಜ್ಜಿಯ ಮಚ್ಚು ತೆಗೆದುಕೊಂಡು ಹೋಗಿ, "ಸಾಬ್ರೇ, ಒಂದ್ ಕಿತ ನಾನ್ ತುಳೀಲಾ?" ಎಂದೆ. ಅವರು ನಕ್ಕು ಸೀಟು ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತರು. ನಾನು ತುಳಿದೆ, ಅವರು ಮಚ್ಚು ಹಿಡಿದರು, ಕಿಡಿ ಹಾರಿತು. ಅಜ್ಜಿ ಅಲ್ಲಿಯೇ ಕಟ್ಟೆಯ ಮೇಲೆ ಕೂತಿತ್ತು. ಬೈಯಲಿಲ್ಲ! ಎಲೆ ಅಡಿಕೆ ಜಗಿಯುತ್ತಾ, "ಚೆಂದಾಗ್ ತುಳೀತದೆ ಮಗ" ಎಂದಿತು. ನನಗೆ ಆಗ ಹಿಗ್ಗೋ ಹಿಗ್ಗು.

ಅದನ್ನು ಈಗ ನೆನೆದರೆ ಮೈ ಉರಿಯುತ್ತದೆ. ಅಜ್ಜಿಯ ತಕರಾರು ಸೈಕಲ್ಲಿನ ಮೇಲಿರಲಿಲ್ಲ, ನಾನು ಕಾಲೆತ್ತಿ ತುಳಿಯುವುದರ ಮೇಲೂ ಇರಲಿಲ್ಲ. ಸೈಕಲ್ಲು ನಿಂತಲ್ಲೇ ಇರಬೇಕು, ಅಷ್ಟೆ. ಈಗ ಪಡಸಾಲೆಯಲ್ಲೂ ಅದೇ. ನಾನು ಗೋಡೆಗೆ ಮುಖ ಮಾಡಿ ಎಷ್ಟು ತುಳಿದರೂ ಮನೆಮಂದಿಗೆಲ್ಲ ಸಂತೋಷ. 'ನಮ್ಮತ್ತಿಗೆ ಚೆನ್ನಾಗ್ ತುಳೀತರೆ' ಎಂದು ಮೈದುನ ಮಾದೇಶ ಬಂದವರಿಗೆಲ್ಲ ತೋರಿಸುತ್ತಾನೆ. ಹೊರಗೆ ಹೋಗುವ ಗಾಡಿಯನ್ನು ಮಾತ್ರ ಪಿರಿಯಾಪಟ್ಟಣಕ್ಕೆ ಕೊಟ್ಟುಬಿಡಬೇಕು. ಇದು ಹೊಳೆದ ದಿನ ನಾನು ತುಳಿದ ರಭಸಕ್ಕೆ ಸ್ಟ್ಯಾಂಡು ಒಂದು ಗೇಣು ಮುಂದೆ ಸರಿದಿತ್ತು. ಮನೆಯೊಳಗಿನ ಸೈಕಲ್ಲು ಎಲ್ಲಿಗಾದರೂ ಹೋದದ್ದು ಅದೊಂದೇ ಸಲ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಯಜಮಾನರನ್ನು ಕರೆಯಲಿಲ್ಲ, ಬಸ್ಸಿನಲ್ಲಿ ಹೋದೆ. ಮಗಳು ಅಲ್ಲಿಗೇ ಬಂದಿದ್ದಳು. ವ್ಯಾಯಾಮದ ಹುಡುಗಿ ನನ್ನ ಮಂಡಿ ಮಡಿಸಿ ನೋಡಿ, ಒಂಟಿಗಾಲಲ್ಲಿ ನಿಲ್ಲಿಸಿ ನೋಡಿ, "ಅಮ್ಮ, ಇನ್ನು ಗಾಡಿ ಓಡಿಸಬಹುದು. ಮೊದಲು ಹತ್ತಿರ ಹತ್ತಿರಕ್ಕೆ, ನಿಧಾನವಾಗಿ" ಎಂದಳು. ಸಹನಾ ಅಲ್ಲೇ ನನ್ನನ್ನು ತಬ್ಬಿಕೊಂಡಳು. ಅವಳು ಕಾಲೇಜಿಗೆ ಹೋದ ಮೇಲೆ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಊರಿನವರೆಗೂ ನಾನೊಬ್ಬಳೇ ನಗುತ್ತಾ ಬಂದೆ. ರಾಗಿ ಕೆಲಸ ಮುಗಿಯುತ್ತಾ ಬಂದಿತ್ತು, ನಾಳೆ ಗಾಡಿಗೆ ಪಿರಿಯಾಪಟ್ಟಣದವನು ಬರುವ ದಿನ. ಬರಲಿ, ಕಾಫಿ ಕೊಟ್ಟು ಕಳಿಸುತ್ತೇನೆ ಎಂದುಕೊಂಡೆ.

ಮನೆಯ ಗೇಟು ತೆಗೆದರೆ, ನನ್ನ ಸೈಕಲ್ಲು ಅಂಗಳದಲ್ಲಿದೆ! ಹಿಂದಿನ ಚಕ್ರದ ಟೈರು ಕಿತ್ತುಹಾಕಿ, ಬರೀ ರಿಮ್ಮಿಗೆ ಹಳೇ ಟ್ಯೂಬು ಕತ್ತರಿಸಿ ಮಾಡಿದ ಪಟ್ಟಿ ತೊಡಿಸಿ, ಅದನ್ನು ರಾಗಿ ತೂರುವ ದೊಡ್ಡ ಫ್ಯಾನಿಗೆ ಸಿಕ್ಕಿಸಿದ್ದಾರೆ. ಫ್ಯಾನಿನ ಮುಂದೆ ಮನೆ ಖರ್ಚಿಗೆ ಇಟ್ಟುಕೊಂಡ ರಾಗಿಯ ರಾಶಿ. ಎಲ್ಲವೂ ಮಾದೇಶನ ಕೈಚಳಕ. ಅವನು ಎಣ್ಣೆ ಕೈ ಒರೆಸಿಕೊಳ್ಳುತ್ತಾ ಹಲ್ಲು ಕಿರಿದ.

"ನೋಡಿ ಅತ್ತಿಗೆ! ಕರೆಂಟು ಯಾವಾಗ್ ಬತ್ತದೋ ಯಾವಾಗ್ ಓಯ್ತದೋ. ನೀವೆಂಗಿದ್ರೂ ದಿನಾ ತುಳೀತೀರಿ. ಗಾಳಿ ಸುಮ್ನೆ ಯಾಕೆ ಓಗ್ಬೇಕು?"

"ಬೆವ್ರು ದಂಡ ಆಗಬಾರ್ದು ಕಣವ್ವ" ಎಂದರು ಅತ್ತೆ, ಪೊರಕೆ ಹಿಡಿದು. ಯಜಮಾನರು ಮೊರ ಹಿಡಿದು ಆಗಲೇ ಸಿದ್ಧವಾಗಿ ನಿಂತಿದ್ದರು. ನಾನು ಬಂದು ಹತ್ತುವುದೊಂದೇ ಬಾಕಿ.

ನಾನು ಎಷ್ಟೋ ಸಿಟ್ಟು ಕಂಡವಳು. ಆದರೆ ಅವತ್ತು ಬಂದ ಸಿಟ್ಟು ಅವೆಲ್ಲವನ್ನೂ ಮೀರಿಸಿತು. ಇಡೀ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಗೋಡೆಯ ಎದುರಿನ ಒಂದು ಗಳಿಗೆ, ಈ ಒಡೆದ ಮಂಡಿಯ ನೋವು. ಅದರಿಂದಲೂ ಇವರಿಗೆ ರಾಗಿ ಹಸನಾಗಬೇಕು. ಆಸ್ಪತ್ರೆಯಲ್ಲಿ ಏನಂದರು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಬಹುಶಃ ಹತ್ತಿ ಕೂತು ತೂರಿಕೊಟ್ಟೇ ಬಿಡುತ್ತಿದ್ದೆನೇನೋ, ಅಷ್ಟು ಖುಷಿಯಲ್ಲಿ ಬಂದಿದ್ದೆ.

"ಮಾದೇಶ, ಬರೇ ಪಟ್ಟಿ ತೊಡಿಸಿದ್ರೆ ಆಯ್ತಾ? ಓಡ್ತದೋ ಇಲ್ವೋ, ನೀನೇ ಒಂದ್ ಕಿತ ಹತ್ತಿ ತೋರ್ಸು" ಎಂದೆ.

ಅವನಿಗೆ ಅಷ್ಟೇ ಬೇಕಿತ್ತು. ಲುಂಗಿ ಎತ್ತಿ ಕಟ್ಟಿ ಹತ್ತಿ ಕೂತು ತುಳಿದ. ಫ್ಯಾನು ಬರ್ರೆಂದು ತಿರುಗಿತು. ಯಜಮಾನರು ಮೊರ ಎತ್ತಿ ಸಣ್ಣಗೆ ಸುರಿಯತೊಡಗಿದರು, ಹೊಟ್ಟು ಆ ಕಡೆ ಹಾರಿತು. "ಬುಡ್ಬೇಡ ಕಣ್ಲಾ, ತುಳಿ ತುಳಿ, ನಿಲ್ಸಿದ್ರೆ ಒಟ್ಟೆಲ್ಲ ರಾಗಿಗೇ ಬೀಳ್ತದೆ!" ಎಂದು ಕೂಗಿದರು.

ನಾನು ಒಳಗೆ ಹೋದೆ. ಮೊಳೆಯಿಂದ ಕೀಲಿ ತೆಗೆದುಕೊಂಡೆ. ಕೊಟ್ಟಿಗೆಯ ಪಕ್ಕ ಗೋಣಿಚೀಲ ಹೊದ್ದು ನಿಂತಿದ್ದ ಸ್ಕೂಟರನ್ನು ಎಳೆದು, ಸೀಟು ಒರೆಸಿ, ಗುಂಡಿ ಒತ್ತಿದೆ. ಮೊದಲ ಸಲ ಕೆಮ್ಮಿತು, ಎರಡನೇ ಸಲ ಕೆಮ್ಮಿತು. ಹೊತ್ತಿಕೊಂಡಾಗ ಫ್ಯಾನಿನ ಸದ್ದಿನಲ್ಲಿ ಅವರಿಗೆ ಕೇಳಿಸಲೇ ಇಲ್ಲ. ಅಂಗಳಕ್ಕೆ ಬಂದ ಮೇಲೆಯೇ ಕಂಡದ್ದು.

"ಅತ್ತಿಗೇ! ನಿಂತ್ಕಳೀ ಅತ್ತಿಗೇ!" ಎಂದು ಮಾದೇಶ ಕೂಗಿದ. ಕೂಗಿದ ಗಾಬರಿಗೆ ಇನ್ನೂ ಜೋರಾಗಿ ತುಳಿದ. ಎಷ್ಟು ತುಳಿದರೂ ಸೈಕಲ್ಲು ಇದ್ದಲ್ಲೇ ಇತ್ತು. ಯಜಮಾನರ ಮೊರ ತಲೆಯ ಮೇಲೆಯೇ ನಿಂತಿತ್ತು. "ಏಯ್ ಜಯಾ, ಕಾಲು! ಕಾಲು ಕಣೆ!" ಎಂದರು.

"ಆಸ್ಪತ್ರೇಲಿ ಓಡ್ಸು ಅಂದವ್ರೆ. ನೀವ್ಯಾರೂ ಕೇಳ್ನಿಲ್ಲ" ಎಂದೆ.

ಗೇಟಿನ ಬಳಿ ಅತ್ತೆ ಪೊರಕೆ ಹಿಡಿದು ನಿಂತಿದ್ದರು. ತಡೆಯುತ್ತಾರೆ ಎಂದುಕೊಂಡೆ, ಅವರಿಗೂ ನಾಲ್ಕು ಮಾತು ಸಿದ್ಧ ಮಾಡಿಕೊಂಡೆ. ಅತ್ತೆ ನನ್ನ ಮುಖವನ್ನು ಒಂದು ಸಲ ನೋಡಿ, ಬಗ್ಗಿ, ಗೇಟಿನಲ್ಲಿ ಚೆಲ್ಲಿದ್ದ ರಾಗಿಯನ್ನು ಚಕ್ರಕ್ಕೆ ಸಿಗದ ಹಾಗೆ ಅತ್ತ ಗುಡಿಸಿದರು. "ಜಾರೀತು. ಮೆಲ್ಗೆ ಓಗು" ಎಂದರು.

ಸಿದ್ಧ ಮಾಡಿಕೊಂಡಿದ್ದ ನಾಲ್ಕು ಮಾತು ಬೇಕಾಗಲೇ ಇಲ್ಲ. ಬೀದಿಗೆ ಬಂದೆ. ಎರಡೂ ಕಡೆ ಜಗುಲಿಗಳಿಂದ ಜನ ಎದ್ದು ನೋಡಿದರು. ದೊಡ್ಡತಾಯಮ್ಮನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಯಾರನ್ನೂ ಮಾತಾಡಿಸದೆ, ಊರ ಹೊರಗೆ ನಾನು ಬಿದ್ದ ಆ ಹಂಪಿನವರೆಗೆ ಹೋದೆ. ಈಗಲೂ ಅದಕ್ಕೆ ಬಣ್ಣ ಬಳಿದಿರಲಿಲ್ಲ. ಮೆಲ್ಲಗೆ ಹತ್ತಿಸಿ, ಸರಿಯಾಗಿ ಅದರ ನೆತ್ತಿಯ ಮೇಲೆ ಗಾಡಿ ನಿಲ್ಲಿಸಿದೆ.

ಎಡಗಾಲು ಊರಿದೆ. ಮಂಡಿ ನಡುಗಿತು, ಆದರೆ ಮಡಚಿಕೊಳ್ಳಲಿಲ್ಲ. ನಿಂತೆ. ಹಿಂದಿನಿಂದ ಬಂದ ಟ್ರ್ಯಾಕ್ಟರಿನವನು ಹಾರನ್ ಮೇಲೆ ಹಾರನ್ ಹೊಡೆದ. ಹೊಡೆಯಲಿ ಎಂದುಕೊಂಡು ಅಲ್ಲೇ ನಿಂತು, ಸೊಂಟದಿಂದ ಫೋನು ತೆಗೆದು ಹಂಪಾಪುರದ ತಂಗಿಗೆ ಮಾಡಿದೆ.

"ಅಕ್ಕ, ಎಲ್ಲಿದ್ದೀಯೆ? ಯಾರ್ ಜೊತೇಲಿ ಇದ್ದೀಯೆ?"

"ರೋಡಲ್ಲಿದ್ದೀನಿ ಕಣೆ" ಎಂದೆ. "ಒಬ್ಳೇ."